ಜಾಣ ಮಗು ತಪ್ಪು ಮಾಡಿದಾಗ

ನಾನು ಶಾಲೆಯಲ್ಲಿ ಕೌನ್ಸೆಲರ್. ತುಂಬಾ ಜಾಣ ಮಕ್ಕಳ ಬಗ್ಗೆ ಬರುವ ದೂರುಗಳಲ್ಲಿ ಒಂದು ಮಾತು ಇದ್ದೇ ಇರುತ್ತದೆ: "ಇಷ್ಟೆಲ್ಲ ಗೊತ್ತಿರೋ ಮಗು ಹೀಗೆ ಮಾಡಬಹುದಾ?" ಶಿಕ್ಷಕರೂ ಕೇಳುತ್ತಾರೆ, ಅಪ್ಪ ಅಮ್ಮನೂ ಕೇಳುತ್ತಾರೆ. ಬುದ್ಧಿ ಚುರುಕಾಗಿದ್ದರೆ ನಡತೆಯೂ ಅಷ್ಟೇ ಮುಂದಿರಬೇಕು ಅನ್ನುವ ಲೆಕ್ಕ ಅದು. ಈ ಮಕ್ಕಳ ಜೊತೆ ಕೂತು ಮಾತಾಡಿದಷ್ಟೂ ಆ ಲೆಕ್ಕ ಸರಿಯಿಲ್ಲ ಅಂತ ನನಗೆ ಖಾತ್ರಿಯಾಗಿದೆ.

ಯೋಚನೆಯಲ್ಲಿ ಅವರು ಮುಂದಿರುವುದು ನಿಜ. ಮನಶ್ಶಾಸ್ತ್ರಜ್ಞ ಪಿಯಾಜೆ 1932ರಲ್ಲಿ ಬರೆದ ಒಂದು ಪುಟ್ಟ ಕಥೆಯನ್ನು ಮಕ್ಕಳಿಗೆ ಆಗಾಗ ಹೇಳುತ್ತೇನೆ. ಒಬ್ಬ ಹುಡುಗ ಬಾಗಿಲು ತಳ್ಳಿದಾಗ ಹಿಂದೆ ಇದ್ದ ಟ್ರೇ ಬಿದ್ದು 15 ಕಪ್ ಒಡೆಯುತ್ತವೆ. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮ್ ಕದಿಯಲು ಹೋಗಿ ಒಂದು ಕಪ್ ಒಡೆಯುತ್ತಾನೆ. ಯಾರ ತಪ್ಪು ಜಾಸ್ತಿ? ಚಿಕ್ಕವರು ಒಡೆದ ಕಪ್ ಎಣಿಸುತ್ತಾರೆ, ಬೆಳೆದಂತೆ ಉದ್ದೇಶ ನೋಡುತ್ತಾರೆ ಎಂದು ಪಿಯಾಜೆ ಗಮನಿಸಿದ್ದರು. ಕೆಲವು ಜಾಣ ಮಕ್ಕಳು ಚಿಕ್ಕ ವಯಸ್ಸಿನಲ್ಲೇ ಅದನ್ನೂ ದಾಟುತ್ತಾರೆ. "ಬಾಗಿಲ ಹಿಂದೆ ಟ್ರೇ ಇಟ್ಟವರದ್ದೂ ತಪ್ಪು ಅಲ್ವಾ?" ಅಂತ ಕೇಳುತ್ತಾರೆ. ಎಷ್ಟು ಒಳ್ಳೆಯ ಪ್ರಶ್ನೆ!

ಅದೇ ಮಗು ಆಟದಲ್ಲಿ ಸೋಲು ಹತ್ತಿರ ಬಂದರೆ ನಿಯಮವನ್ನೇ ಬದಲಿಸುತ್ತದೆ. ಕೋಪ ಬಂದರೆ ಪಕ್ಕದವಳ ಪುಸ್ತಕ ಹರಿಯುತ್ತದೆ. ಇದರಲ್ಲಿ ಕಪಟ ಇಲ್ಲ. 1920ರ ದಶಕದಲ್ಲಿ ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಸಾವಿರಾರು ಶಾಲಾ ಮಕ್ಕಳನ್ನು ಪರೀಕ್ಷಿಸಿದಾಗ, ಒಂದು ಸಂದರ್ಭದಲ್ಲಿ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದರಲ್ಲಿ ಮೋಸ ಮಾಡುವುದು ಕಂಡಿತ್ತು. ಅಸಾಧಾರಣ ಬುದ್ಧಿಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಲೀಟಾ ಹಾಲಿಂಗ್‌ವರ್ತ್ ಅವರೂ ಇದೇ ಕಷ್ಟದ ಬಗ್ಗೆ ಬರೆದರು: ಬುದ್ಧಿ ದೊಡ್ಡವರದ್ದು, ಭಾವನೆ ಇನ್ನೂ ಮಗುವಿನದ್ದೇ.

ಒಬ್ಬರು ಗಲಾಟೆ ಮಾಡಿದ್ದಕ್ಕೆ ಇಡೀ ತರಗತಿಗೆ ಶಿಕ್ಷೆಯಾದರೆ ಇಂಥ ಮಗು ಸುಮ್ಮನಿರುವುದಿಲ್ಲ. ದಿನಗಟ್ಟಲೆ ವಾದ ಮಾಡುತ್ತದೆ, ಊಟ ಬಿಡುತ್ತದೆ, ರಾತ್ರಿ ನಿದ್ದೆ ಮಾಡುವುದಿಲ್ಲ. ಶಿಕ್ಷಕರಿಗೆ ಅದು ಉದ್ಧಟತನದಂತೆ ಕಾಣುತ್ತದೆ. ಮಗುವಿಗೆ ಅದು ನಿಜವಾದ ನೋವು. ಅಂಥ ಕಡೆ ನಾನು ಮೊದಲು, "ನೀನು ಹೇಳೋದು ಸರಿ, ಅದು ಅನ್ಯಾಯವೇ" ಅಂತ ಒಪ್ಪಿಕೊಳ್ಳುತ್ತೇನೆ. ಹಾಗೆ ಒಪ್ಪಿದ ಮೇಲೆಯೇ ಅದು ಅಳುತ್ತದೆ. ಆ ಅಳು ಅದರ ವಯಸ್ಸಿನದ್ದೇ. ಶಿಕ್ಷಕರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬ ಮಾತು ಅದಾದ ಮೇಲೆ.

ತಪ್ಪು ಮಗುವಿನದ್ದೇ ಆಗಿದ್ದಾಗ ಶಿಕ್ಷಕರಿಗೆ ನನ್ನ ಕೋರಿಕೆ ಒಂದೇ. "ನಿನ್ನಂಥ ಜಾಣ ಹೀಗೆ ಮಾಡೋದಾ" ಅನ್ನಬೇಡಿ. ಆ ಮಾತು ಕೇಳಿದ ಮಗು ತನ್ನ ಜಾಣತನವನ್ನು ಉಳಿಸಿಕೊಳ್ಳಲು ಹೊರಡುತ್ತದೆ. ಅದಕ್ಕೆ ವಾದ ಚೆನ್ನಾಗಿ ಬರುತ್ತದೆ, ಹಾಗಾಗಿ ತಪ್ಪು ತಪ್ಪೇ ಅಲ್ಲ ಎಂದು ಸಾಧಿಸಿಬಿಡುತ್ತದೆ. ನಾವು ಬಾಯಿಮುಚ್ಚಿ ಕೂರುತ್ತೇವೆ. ಹರಿದ ಪುಸ್ತಕದವಳನ್ನು ಯಾರೂ ಕೇಳುವುದಿಲ್ಲ.

ನಾನು ಹೇಳುವುದು ಇಷ್ಟೇ: "ನಿನ್ನ ಕಾರಣ ಆಮೇಲೆ ಪೂರ್ತಿ ಕೇಳ್ತೀನಿ. ಮೊದಲು ಅವಳ ಪುಸ್ತಕಕ್ಕೆ ಟೇಪ್ ಹಚ್ಚು." ಹಚ್ಚುತ್ತದೆ. ಆಮೇಲೆ ಕೊಟ್ಟ ಮಾತಿನಂತೆ ಕಾರಣವನ್ನು ಪೂರ್ತಿ ಕೇಳುತ್ತೇನೆ. ಅಷ್ಟರಲ್ಲಿ ಅದು ಸಾಮಾನ್ಯವಾಗಿ ತುಂಬಾ ಚಿಕ್ಕದಾಗಿರುತ್ತದೆ.