ಹಳೆಯ ಮನೆಯ ಗಾಳಿ ಮತ್ತು ಕೂಲರಿನ ಡಕ್ಟು

ಕಲಬುರಗಿ
ಮಾರ್ಚ್ 2, 2025, ಭಾನುವಾರ

ಕೂಲರಿನ ಡಕ್ಟಿಗೆ (ತಂಪು ಗಾಳಿಯನ್ನು ಕೋಣೆಗಳಿಗೆ ಒಯ್ಯುವ ತಗಡಿನ ಕೊಳವೆಗೆ) ಔಷಧಿಯ ಹೊಗೆ ಬಿಟ್ಟು ‘ಸ್ಯಾನಿಟೈಸ್’ ಮಾಡಿಕೊಡುತ್ತೇನೆಂದು ಬಂದಿದ್ದ ಗುತ್ತಿಗೆದಾರನಿಗೆ ಬೇಡವೆಂದು ಹೇಳಿ ಕಳುಹಿಸಿ, ಇಂದು ಬೆಳಿಗ್ಗೆ ಬಿಸಿಲೇರುವ ಮೊದಲೇ ನಾನೂ ತಮ್ಮನೂ ಸೇರಿ ಅದರ ಜಾಲರಿಗಳನ್ನು ಬಿಚ್ಚಿದೆವು. ಶರಣಬಸವೇಶ್ವರರ ಜಾತ್ರೆ ಹತ್ತಿರ ಬಂದಿದೆ. ಅದು ಮುಗಿಯುವಷ್ಟರಲ್ಲಿ ನಮ್ಮೂರಿನಲ್ಲಿ ಕೂಲರಿಲ್ಲದೆ ಮಧ್ಯಾಹ್ನ ಕಳೆಯುವುದು ದುಸ್ತರವಾಗುತ್ತದೆ. ಹಿಂದಿನ ಕೋಣೆಯಲ್ಲಿ ಮಲಗುವ ಸೋದರತ್ತೆಗೆ ಉಬ್ಬಸವಿದ್ದು, ಕೂಲರು ಶುರುವಾದ ಹೊಸತರಲ್ಲಿ ಅವರ ಕೆಮ್ಮು ಹೆಚ್ಚುವುದನ್ನು ಮನೆಯವರೆಲ್ಲ ಗಮನಿಸಿದ್ದೇವೆ. ಹೀಗಾಗಿ ಡಕ್ಟನ್ನು ನೋಡದೆ ಈ ವರ್ಷ ಸ್ವಿಚ್ಚು ಒತ್ತಬಾರದೆಂದು ನಿರ್ಧರಿಸಿದ್ದೆವು. ಬೇಡವೆಂದದ್ದು ಹೊಗೆಯನ್ನೇ ಹೊರತು ಶುಚಿಯನ್ನಲ್ಲ.

ನಮ್ಮದು ಬ್ರಹ್ಮಪುರದ ಹಳೆಯ ಮನೆ. ಎರಡಡಿ ದಪ್ಪದ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದಿ ಫರಸಿ, ಒಂದು ಕಾಲಕ್ಕೆ ಪೂರ್ತಿ ಮಣ್ಣಿನ ಮಾಳಿಗೆಯಿದ್ದು ಈಗ ಮುಕ್ಕಾಲು ಭಾಗ ಸ್ಲ್ಯಾಬು. ಮಾಳಿಗೆಯ ಮೇಲೆ ಕೂರಿಸಿರುವ ದೊಡ್ಡ ಕೂಲರಿನಿಂದ ಹೊರಟ, ಸತು ಲೇಪಿಸಿದ ಜಿ.ಐ. ತಗಡಿನ ಡಕ್ಟು ಹಳೆಯ ಗವಾಕ್ಷಿಯೊಂದರ ಮೂಲಕ ಒಳಗಿಳಿದು, ಪಡಸಾಲೆಯ ತೊಲೆಗಳ ಕೆಳಗೆ ಸಾಗಿ, ಎರಡು ಕೋಣೆಗಳಿಗೆ ಕವಲೊಡೆಯುತ್ತದೆ. ಕಾದ ಗಾಳಿ ಮೇಲಿನ ಗವಾಕ್ಷಿಯಿಂದ ಹೊರಹೋಗಲಿ, ತಂಪು ಗಾಳಿ ಕೆಳಗಿನ ಬಾಗಿಲಿನಿಂದ ಬರಲಿ ಎಂಬ ಲೆಕ್ಕದಲ್ಲಿ ಕಟ್ಟಿದ ಇಂಥ ಮನೆಗಳಿಗೆ ಡಕ್ಟು ಆಮೇಲೆ ಬಂದ ಅತಿಥಿ. ಅದು ಬಂದ ಮೇಲೆ ಗವಾಕ್ಷಿಗಳಿಗೆ ಇಟ್ಟಿಗೆ ಇಟ್ಟು ಮುಚ್ಚಿಸಿದ ಮನೆಗಳು ನಮ್ಮ ಓಣಿಯಲ್ಲಿಯೇ ಹಲವಿವೆ.

ಡಕ್ಟು ಶುಚಿಯ ವ್ಯಾಪಾರ ಹೆಚ್ಚಾಗಿ ಬೆಳೆದದ್ದು ಅಮೆರಿಕದಲ್ಲಿ. ಆದರೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ, ಮನೆಯ ಡಕ್ಟುಗಳನ್ನು ವಾಡಿಕೆಯಾಗಿ ವರ್ಷವರ್ಷ ಶುಚಿಗೊಳಿಸುವ ಅಗತ್ಯವಿಲ್ಲ, ಅದರಿಂದ ಕಾಯಿಲೆ ತಪ್ಪುತ್ತದೆಂಬುದು ಸಾಬೀತಾಗಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಒಳಗೆ ಕಣ್ಣಿಗೆ ಕಾಣುವಷ್ಟು ಬೂಷ್ಟು ಹಿಡಿದಿದ್ದರೆ, ಇಲಿ ಅಥವಾ ಹುಳುಗಳು ಸೇರಿಕೊಂಡಿದ್ದರೆ, ಇಲ್ಲವೇ ಧೂಳು ಕಟ್ಟಿಕೊಂಡು ಜಾಲರಿಯಿಂದ ಕೋಣೆಗೆ ಉದುರುತ್ತಿದ್ದರೆ ಮಾತ್ರ ಶುಚಿಗೊಳಿಸಬೇಕೆಂಬುದು ಅದರ ಸಲಹೆ. ಔಷಧಿ ಸಿಂಪಡಣೆಯ ವಿಷಯದಲ್ಲಂತೂ ಅದು ಇನ್ನೂ ಹಿಂಜರಿಯುತ್ತದೆ. ಅಲ್ಲಿನ ಡಕ್ಟಿಗೂ ನಮ್ಮ ಡಕ್ಟಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಮರೆಯಬಾರದು. ಅಲ್ಲಿ ಮನೆಯೊಳಗಿನ ಗಾಳಿಯೇ ಹೆಚ್ಚಾಗಿ ಡಕ್ಟಿನಲ್ಲಿ ಸುತ್ತುತ್ತದೆ. ನಮ್ಮ ಕೂಲರು ಎಳೆದುಕೊಳ್ಳುವುದು ಪೂರ್ತಿಯಾಗಿ ಹೊರಗಿನ ಗಾಳಿಯನ್ನು, ಅದೂ ಒದ್ದೆ ಪ್ಯಾಡಿನ ಮೂಲಕ. ಅಂದರೆ ನಮ್ಮ ಡಕ್ಟಿನಲ್ಲಿ ಬೀದಿಯ ಧೂಳೂ ನೀರಿನ ಪಸೆಯೂ ಒಟ್ಟಿಗೆ ಸಿಗುತ್ತವೆ. ಆದ್ದರಿಂದ ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು ನಮಗೆ ಅತಿಯಲ್ಲವೆಂದು ನನ್ನ ಅಭಿಪ್ರಾಯ. ನೋಡಿದ ಮೇಲೆ ಏನು ಮಾಡಬೇಕೆಂಬುದು ಕಂಡದ್ದರ ಮೇಲೆ ನಿಲ್ಲುತ್ತದೆ.

ಕಂಡದ್ದನ್ನು ಬರೆದಿಡುತ್ತೇನೆ. ಕೂಲರಿನ ಬಾಯಿಯಿಂದ ಮೊದಲ ತಿರುವಿನವರೆಗೆ ತಗಡಿನ ತಳದಲ್ಲಿ ಬೂದು ಬಣ್ಣದ ಪದರ ಅಂಟಿತ್ತು. ಉಗುರಿನಿಂದ ಕೆರೆದರೆ ಹಪ್ಪಳದಂತೆ ಏಳುತ್ತಿದ್ದ ಆ ಪದರದಲ್ಲಿ ಪ್ಯಾಡಿನ ಹುಲ್ಲಿನ ಎಳೆಗಳು, ಪಾರಿವಾಳದ ಪುಕ್ಕ, ಹಲ್ಲಿಯ ಒಡೆದ ಮೊಟ್ಟೆಗಳು, ಬೋರಿನ ನೀರು ಬಿಟ್ಟುಹೋದ ಬಿಳಿ ಸುಣ್ಣದ ಗೆರೆಗಳು ಸೇರಿದ್ದವು. ತಿರುವು ದಾಟಿದ ಮೇಲೆ ಒಣ ಧೂಳು ತೆಳುವಾಗಿ ಕುಳಿತಿತ್ತು. ಟಾರ್ಚು ಬಿಟ್ಟು ನೋಡಿದರೂ ತಗಡಿಗೆ ತುಕ್ಕಾಗಲಿ ಬೂಷ್ಟಾಗಲಿ ಇರಲಿಲ್ಲ. ನಿಜವಾದ ಕೊಳೆ ಇದ್ದದ್ದು ಕೂಲರನ್ನೂ ಡಕ್ಟನ್ನೂ ಕೂಡಿಸುವ ಕ್ಯಾನ್ವಾಸಿನ ತೋಳಿನಲ್ಲಿ. ಹೊರಗಿನಿಂದ ಅದು ಸರಿಯಾಗಿಯೇ ಕಾಣುತ್ತಿತ್ತು. ಬಿಚ್ಚಿ ಒಳಮಗ್ಗುಲು ತಿರುವಿದರೆ ಹೊಲಿಗೆಯ ಉದ್ದಕ್ಕೂ ಕಪ್ಪು ಚುಕ್ಕೆಗಳು ಹರಡಿ, ಕಮಟು ವಾಸನೆ ಮೂಗಿಗೆ ಅಡರಿತು. ಕೂಲರು ಹಚ್ಚಿದೊಡನೆ ಪಡಸಾಲೆಗೆಲ್ಲ ಹಬ್ಬುತ್ತಿದ್ದ ಮೊದಲ ವಾಸನೆಯ ಮೂಲ ಇದೇ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಔಷಧಿಯ ಹೊಗೆ ಬಿಟ್ಟಿದ್ದರೆ ಈ ತೋಳು ಅಲ್ಲಿಯೇ ಇರುತ್ತಿತ್ತು. ಬಟ್ಟೆಯ ನೂಲಿನೊಳಗೆ ಬೇರಿಳಿಸಿದ ಬೂಷ್ಟು ಮೇಲಿನ ಹೊಗೆಗೆ ಪೂರ್ತಿ ಸಾಯುವುದಿಲ್ಲ. ಸತ್ತರೂ ಅದರ ಪುಡಿ ಗಾಳಿಯಲ್ಲಿ ಹಾರಿ ಅಲರ್ಜಿ ಇರುವವರನ್ನು ಕಾಡುವುದು ತಪ್ಪುವುದಿಲ್ಲ. ಧೂಳಿನ ಪದರದ ಮೇಲೆ ಸಿಂಪಡಿಸಿದ ಔಷಧಿ ಪದರದ ಮೇಲ್ಮೈಯನ್ನು ಮುಟ್ಟುತ್ತದೆಯೇ ಹೊರತು ತಗಡನ್ನು ಮುಟ್ಟುವುದಿಲ್ಲ. ಉಳಿದ ಔಷಧಿಯೋ, ಫ್ಯಾನು ತಿರುಗಿದೊಡನೆ ನೇರವಾಗಿ ಮಲಗಿದವರ ಮೂಗಿಗೇ ಬರುತ್ತದೆ. ಗುತ್ತಿಗೆದಾರನು ಕೊನೆಗೆ ನಿಂಬೆಯ ಪರಿಮಳ ಬರುವಂತೆ ಮಾಡುವೆನೆಂದೂ ಹೇಳಿದ್ದನು. ಉಬ್ಬಸದವರಿರುವ ಮನೆಗೆ ಪರಿಮಳವೂ ಒಂದು ಕಾಟವೇ. ತಿಕ್ಕಿ ತೆಗೆಯುವ ಕೆಲಸಕ್ಕೆ ಬದಲಾಗಿ ಹೊಗೆ ಹಾಕುವ ಕೆಲಸವನ್ನು ಯಾರೇ ಮಾರಲಿ, ಕೊಳ್ಳಬಾರದು.

ಮೊದಲು ಕೂಲರಿನ ಸ್ವಿಚ್ಚು ಇಳಿಸಿ, ಪ್ಲಗ್ಗನ್ನೂ ಕಿತ್ತೆವು. ಜಾಲರಿಗಳಿಗೆ ಹಳೆಯ ಒದ್ದೆ ಚಾದರ ಕಟ್ಟಿ, ಮೂಗಿಗೆ ಮಾಸ್ಕು ಹಾಕಿಕೊಂಡು, ವ್ಯಾಕ್ಯೂಮಿನ ಉದ್ದ ಕೊಳವೆಗೆ ಮೃದು ಬ್ರಷ್ಷು ಸಿಕ್ಕಿಸಿ, ಕೋಣೆಗಳ ಕಡೆಯಿಂದ ಕೂಲರಿನ ಕಡೆಗೆ ಧೂಳನ್ನು ಎಳೆದುಕೊಂಡೆವು. ಒಣ ಪೊರಕೆಯಿಂದ ಗುಡಿಸಿದ್ದರೆ ಡಕ್ಟಿನ ಧೂಳು ಮನೆಯ ಧೂಳಾಗುತ್ತಿತ್ತು. ಆಮೇಲೆ ಕೈ ಮುಟ್ಟುವಷ್ಟು ದೂರ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಸಾದಾ ನೀರಿನ ಬಟ್ಟೆಯಿಂದ ಒರೆಸಿದೆವು. ತಗಡಿಗೆ ಬ್ಲೀಚಿಂಗ್ ನೀರು ಹಚ್ಚಲಿಲ್ಲ, ಏಕೆಂದರೆ ಅದು ಸತುವಿನ ಲೇಪವನ್ನು ತಿಂದುಹಾಕಿ ಮುಂದೆ ತುಕ್ಕಿಗೆ ದಾರಿ ಮಾಡುತ್ತದೆ. ಪ್ಯಾಡುಗಳನ್ನು ತೆಗೆದಿಟ್ಟು, ನೀರಿಲ್ಲದೆ ಬರಿಯ ಫ್ಯಾನನ್ನು ಕಿಟಕಿಗಳೆಲ್ಲ ತೆರೆದು ಓಡಿಸಿದ ಮೇಲೆ ಒಳಗೆ ಕೈಯಾಡಿಸಿದರೆ ತಗಡು ಒಣಗಿತ್ತು. ಡಕ್ಟಿನ ಒಳಮೈಗೆ ಗಾಜಿನ ಉಣ್ಣೆ ಹಚ್ಚಿಸಿರುವ ಮನೆಗಳ ಮಾತು ಬೇರೆ. ಆ ಉಣ್ಣೆ ಒಮ್ಮೆ ನೆನೆದು ಬೂಷ್ಟು ಹಿಡಿದರೆ ತೊಳೆದು ಉಳಿಸಿಕೊಳ್ಳಲು ಬರುವುದಿಲ್ಲ, ಕಿತ್ತು ಹೊಸದು ಹಾಕಿಸಬೇಕಾಗುತ್ತದೆ.

ಡಕ್ಟಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಕೂಲರಿನ ತೊಟ್ಟಿ. ನಮ್ಮ ಜಿಲ್ಲೆಯ ಹಲವೆಡೆ ನೆಲದಡಿ ಸುಣ್ಣದ ಕಲ್ಲು ಇರುವಾಗ ಬೋರಿನ ನೀರು ಗಡುಸಾಗಿರುವುದು ಸಹಜ. ನೀರು ಆವಿಯಾಗಿ ಹೋದಂತೆ ಸುಣ್ಣ ಹಿಂದುಳಿದು ಪ್ಯಾಡಿನ ಮೇಲೆ ಗಟ್ಟಿಯಾಗುತ್ತದೆ. ಮೇಲಿಂದ ಮೇಲೆ ಹೊಸ ನೀರು ತುಂಬುತ್ತ ಹೋದರೆ ಸಾಲದು, ಹಳೆಯ ನೀರನ್ನು ಪೂರ್ತಿ ಬಿಡಬೇಕು. ಈ ಸುಣ್ಣ ತೆಗೆಯಲು ಆ್ಯಸಿಡ್ಡು ಸುರಿದು, ಹಿಂದೆಯೇ ಬ್ಲೀಚಿಂಗ್ ಪೌಡರು ಹಾಕಿ ತಿಕ್ಕುವವರನ್ನು ನೋಡಿದ್ದೇನೆ. ಅದು ಅಪಾಯದ ಕೆಲಸ: ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಗಟ್ಟಿ ಶ್ವಾಸಕೋಶದವನೂ ತಡೆದುಕೊಳ್ಳಲಾರನು. ನಿಂಬೆ ಉಪ್ಪಿನ (ಸಿಟ್ರಿಕ್ ಆ್ಯಸಿಡ್ಡಿನ) ನೀರಿನಿಂದ ಸುಣ್ಣ ಬಿಡಿಸಿದರೂ ಇದೇ ನಿಯಮ. ಚೆನ್ನಾಗಿ ತೊಳೆದು, ಆ ನೀರು ಹರಿದುಹೋದ ಮೇಲೆಯೇ ಬ್ಲೀಚಿಂಗಿನ ಹೆಸರೆತ್ತಬೇಕು.

ತೊಟ್ಟಿಯ ಗೋಡೆಯಲ್ಲಿ ಕಳೆದ ವರ್ಷದ ನೀರು ನಿಂತ ಗೆರೆಯನ್ನು ವಿಶೇಷವಾಗಿ ತಿಕ್ಕಿಸಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸುವುದು ಆ ಗೆರೆಯ ಹತ್ತಿರವೇ. ಆ ಮೊಟ್ಟೆಗಳು ಒಣಗಿದ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ಮುಟ್ಟಿದೊಡನೆ ಒಡೆಯುತ್ತವೆ. ವಾರಕ್ಕೊಮ್ಮೆ ಕೂಲರು ಖಾಲಿ ಮಾಡಿ ಎಂದು ಆರೋಗ್ಯ ಇಲಾಖೆಯವರು ಹೇಳುವುದಕ್ಕೆ ಕಾರಣ, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಸುಮಾರು ಏಳರಿಂದ ಹತ್ತು ದಿನ ಸಾಕು ಎಂಬುದು. ಬರಿದೆ ಚೆಲ್ಲಿದರೆ ಆಗದು, ತಿಕ್ಕಬೇಕು. ನಿಂತ ಬೆಚ್ಚನೆಯ ನೀರಿನ ಇನ್ನೊಂದು ಭಯ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ನ್ಯುಮೋನಿಯಾ ಹಬ್ಬಿದಾಗ ಅದು ಮೊದಲು ಬೆಳಕಿಗೆ ಬಂತು. ಹನಿಗಳನ್ನು ಎರಚದ ಮನೆಯ ಕೂಲರಿನಿಂದ ಅದರ ಅಪಾಯ ಕಡಿಮೆಯೇ. ತೊಟ್ಟಿ ಕೊಳೆಯದಂತೆ ನೋಡಿಕೊಂಡರೆ ಇನ್ನೂ ಕಡಿಮೆ.

ಮಧ್ಯಾಹ್ನ ಗಾಳಿಯ ದಾರಿಯನ್ನು ಪರೀಕ್ಷಿಸಿದೆವು. ಫ್ಯಾನು ಹಚ್ಚಿ, ಒಂದೇ ಒಂದು ಊದುಬತ್ತಿಯನ್ನು ಹಿಡಿದು ಅತ್ತೆಯ ಕೋಣೆಯ ಹಿಂದಿನ ಗೋಡೆಯ ಬಳಿ ನಿಂತರೆ, ಕಿಟಕಿ ಮುಚ್ಚಿದ್ದಾಗ ಹೊಗೆಯ ಎಳೆ ಅಲ್ಲಿಯೇ ಸುಳಿಸುಳಿದು ಮಂಚದ ಮೇಲೆ ಹರಡಿತು. ಮೇಲಿನ ಗವಾಕ್ಷಿಯ ಮರದ ಬಾಗಿಲನ್ನು ಕೋಲಿನಿಂದ ತಳ್ಳಿ ತೆರೆದೊಡನೆ ಅದೇ ಎಳೆ ನೆಟ್ಟಗೆ ಮೇಲೇರಿ ಹೊರಗೆ ಸರಿಯಿತು. ಕೂಲರು ಒಳತಳ್ಳಿದಷ್ಟೇ ಗಾಳಿ ಹೊರಹೋಗದಿದ್ದರೆ ತಂಪೂ ಆಗುವುದಿಲ್ಲ, ಕೋಣೆಯ ತೇವವೂ ಏರುತ್ತದೆ. ತೇವಾಂಶ 60 ಪ್ರತಿಶತದ ಮೇಲೆ ಬಹಳ ಹೊತ್ತು ನಿಂತರೆ ಬೂಷ್ಟಿಗೆ ಅನುಕೂಲ. ನಮ್ಮ ಒಣ ಏಪ್ರಿಲಿನಲ್ಲೂ ಕಪಾಟಿನ ಹಿಂದಿನ ಗೋಡೆ ಹಸಿರುಗಟ್ಟುವುದು ಇದರಿಂದಲೇ. ತೇವ ತೋರಿಸುವ ಪುಟ್ಟ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದನ್ನು ಅತ್ತೆಯ ಕೋಣೆಯಲ್ಲಿ ಗೋಡೆಗೆ ತೂಗಿಸಿದ್ದೇವೆ.

ಗೋಡೆಗಳ ವಿಷಯದಲ್ಲಿ ಹಿರಿಯರ ಸುಣ್ಣವೇ ಮೇಲೆಂದು ನಾನು ವಾದಿಸುತ್ತ ಬಂದಿದ್ದೇನೆ, ಮನೆಯಲ್ಲಿ ಒಪ್ಪುವವರು ಕಡಿಮೆ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಹುಟ್ಟುವುದಿಲ್ಲ, ಬುನಾದಿಯಿಂದ ಏರಿದ ಪಸೆಯೂ ಅದರ ಮೂಲಕ ಆರಿಹೋಗುತ್ತದೆ. ಕಲ್ಲಿನ ಗೋಡೆಗೆ ಎಣ್ಣೆಯ ಬಣ್ಣ ಬಳಿದರೆ ಆ ಪಸೆ ಒಳಗೆ ಸಿಕ್ಕಿಕೊಂಡು, ಬಣ್ಣವೇ ಗುಳ್ಳೆಯೆದ್ದು ಉದುರುತ್ತದೆ. ಹಳೆಯ ಬಾಗಿಲುಗಳ ಬಣ್ಣವನ್ನು ಒಣ ಉಜ್ಜುಕಾಗದದಿಂದ ಕೆರೆಯಲು ಯಾರನ್ನೂ ಬಿಡುವುದಿಲ್ಲ: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ, ಅದಕ್ಕೂ ಹಿಂದಿನ ಬಣ್ಣದ ಪುಡಿಯಲ್ಲಿ ಏನಿದೆಯೆಂದು ಯಾರು ಬಲ್ಲರು? ನೀರು ಹಚ್ಚಿ ಉಜ್ಜಬೇಕು. ಬಚ್ಚಲ ಮನೆಯ ಮೇಲಿನ ಹಳೆಯ ಆಸ್ಬೆಸ್ಟಾಸ್ ಶೀಟನ್ನು ಮುಟ್ಟಲೇ ಇಲ್ಲ. ಅದನ್ನು ಕೊರೆಯದೆ, ಮುರಿಯದೆ, ಒಣದಾಗಿ ತಿಕ್ಕದೆ ಇರುವಷ್ಟು ದಿನ ಇದ್ದಲ್ಲಿಯೇ ಬಿಡುವುದು ಕ್ಷೇಮ.

ಇಷ್ಟೆಲ್ಲ ಮಾಡಿದರೂ ಡಕ್ಟಿನಿಂದ ಬರುವುದು ಹೊರಗಿನ ಗಾಳಿಯೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಗುರುತಿಸಿದ ಮಲಿನ ಗಾಳಿಯ ನಗರಗಳಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆಗಳ ಜೊತೆ ಕಲಬುರಗಿಯೂ ಸೇರಿದೆ. ತೊಗರಿ ರಾಶಿಯ ಹೊಟ್ಟು, ದಾಲ್ ಮಿಲ್ಲುಗಳ ಪುಡಿ, ಅಗೆದು ಬಿಟ್ಟ ರಸ್ತೆಗಳ ಮಣ್ಣು ನಮಗೆ ಹೊಸದೇನಲ್ಲ. 10 ಮೈಕ್ರಾನಿನೊಳಗಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಣಗಳು ದಿನವೊಂದರ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಮ್ ದಾಟಬಾರದು, 2.5 ಮೈಕ್ರಾನಿನೊಳಗಿನವು 60 ದಾಟಬಾರದು ಎಂದು ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಕ್ರಮವಾಗಿ 45 ಮತ್ತು 15. ಕೂಲರಿನ ಒದ್ದೆ ಪ್ಯಾಡು ದಪ್ಪ ಧೂಳನ್ನು ಹಿಡಿಯುತ್ತದೆ, ಸಣ್ಣ ಕಣಗಳಿಗೆ ಅದು ತಡೆಯಲ್ಲ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರನ್ನು ಡಕ್ಟಿಗೆ ಕೂರಿಸೋಣವೆಂದು ತಮ್ಮ ಹೇಳಿದನು. ಕೂಲರಿನ ಫ್ಯಾನಿಗೆ ಅಷ್ಟು ಬಿಗಿಯಾದ ಫಿಲ್ಟರಿನೊಳಗಿಂದ ಗಾಳಿ ತಳ್ಳುವ ಬಲವಿಲ್ಲ. ಏರ್ ಪ್ಯೂರಿಫೈಯರು ಬೇಕಾದರೆ ಕೂಲರು ಬೇಡವಾದ ಚಳಿಗಾಲದಲ್ಲಿ, ಮುಚ್ಚಿದ ಕೋಣೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಕಿಟಕಿ ತೆರೆದು ಕೂಲರು ಓಡುತ್ತಿರುವಾಗ ಅದನ್ನು ಹಚ್ಚುವುದು ಕರೆಂಟಿನ ದಂಡ.

ಮನೆಯೊಳಗೇ ಹುಟ್ಟುವ ಹೊಗೆಯ ಮೇಲಾದರೂ ನಮಗೆ ಹಿಡಿತವಿದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಒಗ್ಗರಣೆಗೆ ಮಾತ್ರವಲ್ಲ, ರೊಟ್ಟಿ ಬೇಯುವಷ್ಟು ಹೊತ್ತೂ ತಿರುಗಬೇಕೆಂದು ಗೊತ್ತುಮಾಡಿದ್ದೇವೆ. ಸೊಳ್ಳೆ ಬತ್ತಿಯನ್ನು ಪೂರ್ತಿ ನಿಲ್ಲಿಸಿ ಪರದೆ ಕಟ್ಟಿದ್ದೇವೆ. ಒಂದು ಬತ್ತಿ ಉರಿದು ಮುಗಿಯುವಾಗ ಬಿಡುವ ಸಣ್ಣ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಫರಸಿಯನ್ನು ಗುಡಿಸುವ ಮೊದಲೇ ಒದ್ದೆ ಬಟ್ಟೆ ಆಡಿಸುವುದಕ್ಕೆ ಕೆಲಸದಾಕೆ ಇನ್ನೂ ಒಗ್ಗಿಕೊಂಡಿಲ್ಲ.

ಕ್ಯಾನ್ವಾಸಿನ ಹೊಸ ತೋಳಿಗೆ ಅಳತೆ ಕೊಟ್ಟುಬಂದಾಗಿದೆ. ಈ ಸಲ ಬೇಕಾದಾಗ ಬಿಚ್ಚಿ ಒಗೆಯಲು ಬರುವಂತೆ ಹೊಲಿಗೆಯ ಬದಲು ಪಟ್ಟಿ ಮತ್ತು ಬಕಲ್ಲು ಇಡಲು ಹೇಳಿದ್ದೇನೆ. ಅದು ಬರುವವರೆಗೆ ಪಾರಿವಾಳಗಳು ನುಗ್ಗದಂತೆ ಡಕ್ಟಿನ ಬಾಯಿಗೆ ತಗಡು ಬಿಗಿದಿದೆ, ಮಳೆಗಾಲ ಮುಗಿದು ಕೂಲರು ನಿಂತ ಮೇಲೂ ಅದೇ ತಗಡನ್ನು ಹಾಕುವುದೆಂದು ತಮ್ಮ ಅದರ ಮೇಲೆ ಬಣ್ಣದಿಂದ ಗುರುತು ಮಾಡಿದ್ದಾನೆ. ಅತ್ತೆಯ ಕೋಣೆಯ ಜಾಲರಿಯ ರೆಕ್ಕೆಗಳನ್ನು ಮಂಚದಿಂದ ಬಾಗಿಲಿನ ಕಡೆಗೆ ತಿರುಗಿಸಬೇಕಾಗಿತ್ತು. ಒಂದು ರೆಕ್ಕೆಯ ತಿರುಪು ತುಕ್ಕು ಹಿಡಿದು ಅಲುಗಲಿಲ್ಲ, ನಾಳೆ ಎಲೆಕ್ಟ್ರಿಷಿಯನ್ನು ಅರ್ಥಿಂಗ್ ನೋಡಲು ಬಂದಾಗ ಅದನ್ನೂ ಬಿಡಿಸಿಕೊಳ್ಳಬೇಕು.