ದೇಣಿಗೆಯೋ ಕೈಗಡವೋ, ಅವತ್ತೇ ಬರೆಯಿರಿ

ನಾನು ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಂಗಡಿ, ಕಾರ್ಖಾನೆಗಳ ಲೆಕ್ಕದ ಜೊತೆಗೆ ಕೆಲವು ಕ್ರೀಡಾ ಸಂಘಗಳ ಲೆಕ್ಕವೂ ನನ್ನ ಮೇಜಿಗೆ ಬರುತ್ತದೆ. ಅಧ್ಯಕ್ಷರು ಜಾಸ್ತಿ ಉದ್ಯಮಿಗಳೇ. ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಕಾರ್ಖಾನೆ ಇದ್ದವರು, ಬ್ಯಾಡಗಿ ಕಡೆ ಮೆಣಸಿನಕಾಯಿ ವ್ಯಾಪಾರ ಮಾಡುವವರು. ಸಾಹುಕಾರರು ಬಂದರು, ಇನ್ನು ದುಡ್ಡಿನ ಚಿಂತೆ ಇಲ್ಲ ಅಂತ ಎಲ್ಲರೂ ಖುಷಿಪಡುತ್ತಾರೆ. ನನ್ನ ಚಿಂತೆ ಅಲ್ಲಿಂದಲೇ ಶುರು.

ಹುಡುಗರ ತಂಡ ಟೂರ್ನಿಗೆ ಹೊರಡುತ್ತದೆ. ಬಸ್ ಚಾರ್ಜು, ಊಟ, ಜರ್ಸಿ ಎಲ್ಲಕ್ಕೂ ಅಧ್ಯಕ್ಷರೇ ಜೇಬಿನಿಂದ ನಗದು ಕೊಡುತ್ತಾರೆ. ಠರಾವು ಇಲ್ಲ, ಬಿಲ್ ಇಲ್ಲ. ರಸೀದಿ ಕೇಳಿದರೆ, "ರೊಕ್ಕ ನಂದ ಐತಿ, ರಸೀದಿ ಯಾಕ ಬೇಕ್ರಿ?" ಅಂತಾರೆ. ಅವರ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದೇಣಿಗೆಯಾದರೆ ಅದು ಸಂಘದ ಆದಾಯ, ರಸೀದಿ ಹರಿಯಬೇಕು. ಕೈಗಡವಾದರೆ ಕಮಿಟಿ ಒಪ್ಪಿಗೆ ಬೇಕು, ಸಂಘದ ಸಾಲದ ಲೆಕ್ಕಕ್ಕೆ ಹೋಗಬೇಕು. ಯಾವುದು ಅಂತ ಬರೆಯದೇ ಬಿಟ್ಟರೆ, ಅವರು ಗೆದ್ದಷ್ಟು ದಿನ ಅದು ದೇಣಿಗೆ, ಚುನಾವಣೆ ಸೋತ ಮರುದಿನ ಸಾಲ! ಆಮೇಲೆ ಹಳೆ ಕಮಿಟಿ, ಹೊಸ ಕಮಿಟಿ, ಕೋರ್ಟು. ಅಷ್ಟರಲ್ಲಿ ಹುಡುಗರ ಒಂದು ಸೀಸನ್ ಹೋಗಿಬಿಡುತ್ತದೆ, ಆ ವಯಸ್ಸು ಮತ್ತೆ ಬರುತ್ತಾ?

ಇದು ಬರೀ ಜಿಲ್ಲೆಯ ಮಾತಲ್ಲ. 2012ರ ಕೊನೆಗೆ ಭಾರತದ ಬಾಕ್ಸಿಂಗ್ ಫೆಡರೇಷನ್ ಅನ್ನು ಅಂತರರಾಷ್ಟ್ರೀಯ ಸಂಸ್ಥೆ ಅಮಾನತು ಮಾಡಿತು. ನಡುವೆ ಇನ್ನೊಂದು ಸಂಸ್ಥೆ ಹುಟ್ಟಿ ಅದೂ ನಿಲ್ಲಲಿಲ್ಲ. 2016ರಲ್ಲಿ ಹೊಸ ಫೆಡರೇಷನ್‌ಗೆ ಅಧ್ಯಕ್ಷರಾಗಿ ಬಂದವರು ಸ್ಪೈಸ್‌ಜೆಟ್ ವಿಮಾನ ಕಂಪನಿಯ ಅಜಯ್ ಸಿಂಗ್. 2018ರಲ್ಲಿ, ಮತ್ತೆ 2023ರಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ ದೆಹಲಿಯಲ್ಲೇ ನಡೆಯಿತು. 2023ರಲ್ಲಿ ನಮ್ಮ ಹೆಣ್ಣುಮಕ್ಕಳು 4 ಚಿನ್ನ ಗೆದ್ದರು. ಗೆದ್ದಿದ್ದು ಅವರ ಬೆವರಿನಿಂದ, ಅದನ್ನು ಅಧ್ಯಕ್ಷರ ಖಾತೆಗೆ ಬರೆಯುವುದು ತಪ್ಪು. ಆದರೆ ಮಾನ್ಯತೆ ಇರುವ ಫೆಡರೇಷನ್ ಇಲ್ಲದೆ ಇಂಥ ಕೂಟ ನಮ್ಮಲ್ಲಿಗೆ ಬರುತ್ತಲೇ ಇರಲಿಲ್ಲ.

ಕುಸ್ತಿ ನೋಡಿ. ಸರಿಯಾದ ಸಮಯಕ್ಕೆ ಚುನಾವಣೆ ಮಾಡಲಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ನಮ್ಮ ಫೆಡರೇಷನ್ ಅಮಾನತಾಯಿತು. ಮುಂದಿನ ತಿಂಗಳು ಬೆಲ್‌ಗ್ರೇಡ್‌ನಲ್ಲಿ ಅಂತಿಮ್ ಪಂಘಾಲ್ ವಿಶ್ವ ಕುಸ್ತಿಯ ಕಂಚು ಗೆದ್ದಳು, ಭಾರತದ ಬಾವುಟ ಅವಳಿಗಿರಲಿಲ್ಲ. ಗರಡಿಗಳ ನಾಡಿನವನಾದ ನನಗೆ ಅದು ಇವತ್ತಿಗೂ ಸಂಕಟ. ಯಾರೋ ಸಭೆ ಕರೆಯದಿದ್ದುದಕ್ಕೆ ಆ ಹುಡುಗಿ ಏನು ತಪ್ಪು ಮಾಡಿದ್ದಳು?

ಕಾರ್ಖಾನೆಯಲ್ಲಿ ಮಾಲೀಕರ ಮಾತೇ ಕೊನೆ. ಸಂಘದಲ್ಲಿ ಹಾಗಲ್ಲ, ಸರ್ವಸದಸ್ಯರ ಸಭೆ ದೊಡ್ಡದು, ಅವಧಿಗೂ ಮಿತಿ ಇದೆ. 2011ರ ರಾಷ್ಟ್ರೀಯ ಕ್ರೀಡಾ ಸಂಹಿತೆ ಫೆಡರೇಷನ್ ಅಧ್ಯಕ್ಷರಿಗೆ ಹೆಚ್ಚೆಂದರೆ 12 ವರ್ಷ ಅಂದಿತು. ನಮ್ಮ ಸಂಘಗಳು ರಾಜ್ಯದ 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತವೆ, ಪ್ರತಿ ವರ್ಷ ಲೆಕ್ಕ ಸಲ್ಲಿಸಲೇಬೇಕು. ಇದನ್ನು ಒಪ್ಪಿಕೊಂಡ ಉದ್ಯಮಿಗಳೂ ಇದ್ದಾರೆ, ಅವರೊಡನೆ ಕೆಲಸ ಮಾಡುವುದೇ ಒಂದು ಸಂತೋಷ. ಹಾವೇರಿ ಕಡೆಯ ಒಬ್ಬ ಅಧ್ಯಕ್ಷರು ಕೋಚ್‌ಗಳನ್ನೂ ಕೂರಿಸಿಕೊಂಡು ಪ್ರತಿ ತಿಂಗಳು ಖರ್ಚು ಓದಿಸುತ್ತಾರೆ. ಚೆಕ್ಕಿಗೆ ಇಬ್ಬರ ಸಹಿ. ಮಕ್ಕಳ ಭತ್ಯೆ ನೇರ ಬ್ಯಾಂಕ್ ಖಾತೆಗೆ. ತಮ್ಮ ಕಂಪನಿಯ ಶಿಸ್ತನ್ನು ತಂದಿದ್ದಾರೆ, ಮಾಲೀಕತ್ವವನ್ನು ಹೊರಗೇ ಬಿಟ್ಟು ಬಂದಿದ್ದಾರೆ.

ಹೊಸ ಅಧ್ಯಕ್ಷರು ಆಫೀಸಿಗೆ ಬಂದರೆ ನಾನೀಗ ಮೊದಲು ಅವರ ಮುಂದೆ ಇಡುವುದು ರಸೀದಿ ಪುಸ್ತಕ ಮತ್ತು ಠರಾವು ಪುಸ್ತಕ. ಚಹಾ ಆಮೇಲೆ.