‘ಸಾಲ ತೀರಿಸಿದ್ದು’ ಅಂತ ಒಂದೇ ಸಾಲು ಬರೆದಿದ್ದೆ

ಕಾಸರಗೋಡಿನಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತ ನಾನು. ಉಯಿಲು ಬರೆಯದೆ ತೀರಿಕೊಂಡವರ ಆಸ್ತಿ ನೋಡಿಕೊಳ್ಳಲು ಮನೆಯ ಒಬ್ಬರಿಗೆ ಜಿಲ್ಲಾ ಕೋರ್ಟು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಕೊಟ್ಟರೆ, ಆಮೇಲಿನ ಲೆಕ್ಕದ ಕೆಲಸ ನನ್ನ ಮೇಜಿಗೆ ಬರುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 317ನೇ ಸೆಕ್ಷನ್ ಪ್ರಕಾರ 6 ತಿಂಗಳೊಳಗೆ ಆಸ್ತಿ, ಸಾಲದ ಪಟ್ಟಿ ಕೊಡಬೇಕು. 1 ವರ್ಷದೊಳಗೆ ಬಂದದ್ದು, ಹೋದದ್ದರ ಲೆಕ್ಕ.

ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆ ಅದು. ಆಗಸ್ಟಿನಲ್ಲಿ ಯಜಮಾನರು ಹೋದರು, ಹಿರಿಮಗನಿಗೆ ಅಧಿಕಾರ ಸಿಕ್ಕಿತು. ಅವರು ಬಾಯಲ್ಲಿ ಹೇಳಿದ ಮೊತ್ತವನ್ನು ನಾನು ಸುಮ್ನೆ ಬರೆದುಬಿಟ್ಟೆ: ‘ಸಾಲ ತೀರಿಸಿದ್ದು 4,60,000’. ತಪ್ಪು ನನ್ನದೇ.

ಪುತ್ತೂರಿಗೆ ಮದುವೆಯಾಗಿ ಹೋದ ಮಗಳು ಆ ಸಾಲಿನ ಮೇಲೆ ಬೆರಳಿಟ್ಟರು. ‘ಅಣ್ಣನ ಮೇಲೆ ಅನುಮಾನ ಇಲ್ಲ. ಅಪ್ಪ ಯಾರಿಗೆ ಎಷ್ಟು ಕೊಡ್ಲಿಕ್ಕಿತ್ತು ಅಂತ ನನಗೂ ಗೊತ್ತಾಗ್ಬೇಕು ಅಲ್ವಾ?’ ಪಾಲು ಕಡಿಮೆಯಾಗುವುದು ಅವರದ್ದು ಕೂಡ. ಕೇಳುವ ಹಕ್ಕು ಅವರಿಗೆ ಪೂರ್ತಿ ಇತ್ತು.

ಹಿರಿಮಗ ಒಂದು ಬಿಸ್ಕೆಟ್ ಡಬ್ಬಿ ತಂದರು. ಒಳಗೆ ಮಲಯಾಳದಲ್ಲಿ ಬರೆದ ಸೊಸೈಟಿ ರಸೀದಿಗಳು, ಒದ್ದೆಯಾಗಿ ಒಣಗಿದ ಗೊಬ್ಬರದಂಗಡಿಯ ಬಿಲ್ಲು, ಒಂದು ಕ್ಯಾಲೆಂಡರ್ ಹಾಳೆ. ಹಾಳೆಯ ಹಿಂದೆ ಅಪ್ಪನ ಕೈಬರಹ: ತೋಟಕ್ಕೆ ಮದ್ದು ಬಿಟ್ಟವರ ಕೂಲಿ 9,000, ಬಾಕಿ. ಉಳಿದಂತೆ ಸೊಸೈಟಿಗೆ 3,80,000, ಅಂಗಡಿಗೆ 36,000, ಪರಿಚಯದವರ ಕೈಸಾಲ 35,000. ಕೊನೆಯದಕ್ಕೆ ಚೀಟಿಯೇ ಇಲ್ಲ.

ಆ ಕೂಲಿ ನೋಡಿ ನಮ್ಮ ವಕೀಲರು ತಡೆದರು. ಕಾನೂನಿನಲ್ಲಿ ಕ್ರಮ ಇದೆ: ಮೊದಲು ಅಂತ್ಯಕ್ರಿಯೆಯ ಖರ್ಚು, ಆಮೇಲೆ ಕೋರ್ಟು ಖರ್ಚು, ಆಮೇಲೆ ಸಾಯುವ ಮುಂಚಿನ 3 ತಿಂಗಳಲ್ಲಿ ದುಡಿದ ಕೂಲಿಯವರ, ಮನೆಕೆಲಸದವರ ಬಾಕಿ, ಅದಾದ ಮೇಲೆಯೇ ಬೇರೆ ಸಾಲ. ಇವರು ಸೊಸೈಟಿಗೆ ಮೊದಲು ಕಟ್ಟಿ ಕೂಲಿಯನ್ನು ಕೊನೆಗೆ ಕೊಟ್ಟಿದ್ದರು. ಆಸ್ತಿ ಸಾಕಷ್ಟಿತ್ತು, ಹಾಗಾಗಿ ಯಾರಿಗೂ ನಷ್ಟ ಆಗಲಿಲ್ಲ. ಸಾಲದೆ ಹೋಗಿದ್ದರೆ ಕೈಯಿಂದ ತುಂಬಿಕೊಡುವ ಹೊಣೆ ಹಿರಿಮಗನ ತಲೆಗೇ ಬರುತ್ತಿತ್ತು.

ಲೆಕ್ಕವನ್ನು ಹೊಸದಾಗಿ ಬರೆದೆ. ಯಾರಿಗೆ, ಯಾವ ಸಾಲ, ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಕಿಗೆ, ರಸೀದಿ ನಂಬರ್ ಏನು, ಎಲ್ಲ. ಮಗಳಿಗೆ ಮಲಯಾಳ ಓದಲು ಬರುವುದಿಲ್ಲ, ಅದಕ್ಕೇ ಪ್ರತಿ ರಸೀದಿಯ ಕೆಳಗೆ ಕನ್ನಡದಲ್ಲಿ ವಿವರ ಬರೆದ ಒಂದು ಪ್ರತಿ ಕೊಟ್ಟೆ. ಅವರು ಅಲ್ಲೇ ಕೂತು ಪೂರ್ತಿ ಓದಿದರು. ಅಪ್ಪನ ಅಕ್ಷರ ಇದ್ದ ಹಾಳೆಯ ಜೆರಾಕ್ಸ್ ಇನ್ನೊಂದು ಬೇಕು ಅಂದರು.

ಕೈಸಾಲ ಕೊಟ್ಟವರ ಸಹಿ, ತಾರೀಕು ಇರುವ ಚೀಟಿ ಸಿಗಲು ಮತ್ತೆ ಹದಿನೈದು ದಿನ ಹಿಡಿಯಿತು. ಅಲ್ಲಿಯವರೆಗೆ ಆ 35,000ದ ಸಾಲನ್ನು ಖಾಲಿ ಬಿಟ್ಟಿದ್ದೆ.